ಹರ್ನಿಯಾ ಎಂದರೆ ಎಂತ?

(ಬಸ್ರೂರಿನ ಹೆಂಗಸರ ಸಭೆಯಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬರು ಆಡಿದ ಮಾತು)



ಇವತ್ತಿನ ವಿಷಯ ಸ್ವಲ್ಪ ನಾಚಿಕೆಯದ್ದು. ಇಲ್ಲಿ ನಾವು ನಾವೇ ಇದ್ದೇವೆ. ಹಾಗಾಗಿ ಬಿಚ್ಚಿ ಮಾತಾಡುವ.

ತೊಡೆಸಂದಿನಲ್ಲಿ ಒಂದು ಉಬ್ಬು ಬರುತ್ತದೆ. ನಿಂತರೆ ಕಾಣುತ್ತದೆ. ಕೆಮ್ಮಿದರೆ ದೊಡ್ಡದಾಗುತ್ತದೆ. ಮಲಗಿದರೆ ಒಳಗೆ ಹೋಗುತ್ತದೆ. ಇದೇ ಹರ್ನಿಯಾ. ಮೊದಮೊದಲು ನೋವು ಇರುವುದಿಲ್ಲ. ಸಂಜೆ ಹೊತ್ತಿಗೆ ಭಾರ ಅನಿಸುತ್ತದೆ, ಎಳೆದ ಹಾಗೆ ಆಗುತ್ತದೆ. ಗಂಡಸರು ಇದನ್ನು ಯಾರಿಗೂ ಹೇಳುವುದಿಲ್ಲ. ಹೆಂಡತಿ ಕೇಳಿದರೆ, "ಎಂತ ಆಯ್ಲಿಲ್ಲ, ಸುಮ್ನಿರ್" ಅನ್ನುತ್ತಾರೆ. ಹಾಗೆಯೇ ಹತ್ತು ವರ್ಷ ಕಳೆದವರೂ ಇದ್ದಾರೆ.

ಒಳಗೆ ಆಗುವುದು ಎಂತ? ಅಕ್ಕಿ ಮುಡಿ ನೀವೆಲ್ಲ ಕಂಡಿದ್ದೀರಿ. ಬೈಹುಲ್ಲನ್ನು ಬಿಗಿಯಾಗಿ ಸುತ್ತಿ, ಹಗ್ಗ ಕಟ್ಟಿದರೆ ಒಂದು ಕಾಳೂ ಹೊರಗೆ ಬರುವುದಿಲ್ಲ. ಒಂದು ಕಡೆ ಹುಲ್ಲು ಸಡಿಲವಾದರೆ ಅಲ್ಲಿಂದ ಅಕ್ಕಿ ಇಣುಕುತ್ತದೆ. ನಮ್ಮ ಹೊಟ್ಟೆಯೂ ಹಾಗೆ. ಕರುಳು ಒಳಗೆ ಇದೆ. ಅದರ ಸುತ್ತ ಸ್ನಾಯುವಿನ ಗೋಡೆ ಇದೆ. ಆ ಗೋಡೆ ಸಡಿಲವಾದ ಜಾಗದಲ್ಲಿ ಕರುಳು ಹೊರಗೆ ತಳ್ಳುತ್ತದೆ.

ಗಂಡಸರಿಗೆ ಇದು ಯಾಕೆ ಜಾಸ್ತಿ? ಗಂಡು ಮಗು ತಾಯಿಯ ಹೊಟ್ಟೆಯಲ್ಲಿ ಇರುವಾಗ ಅದರ ಬೀಜ ಹೊಟ್ಟೆಯ ಒಳಗೇ ಇರುತ್ತದೆ. ಆಮೇಲೆ ತೊಡೆಸಂದಿನ ದಾರಿಯಲ್ಲಿ ಕೆಳಗೆ ಇಳಿಯುತ್ತದೆ. ಆ ದಾರಿ ಮುಚ್ಚದೆ ಉಳಿದರೆ ಕೂಸಿಗೇ ಹರ್ನಿಯಾ ಬರಬಹುದು. ಮುಚ್ಚಿದರೂ ಆ ಜಾಗ ಸ್ವಲ್ಪ ಬಲ ಕಡಿಮೆಯದ್ದು. ಇಂಗ್ಲೆಂಡಿನಲ್ಲಿ 1996ರಲ್ಲಿ ಒಂದು ಲೆಕ್ಕ ಹಾಕಿದರು. ಜೀವಮಾನದಲ್ಲಿ 100 ಗಂಡಸರಲ್ಲಿ ಸುಮಾರು 27 ಮಂದಿಗೆ ಇದರ ಆಪರೇಷನ್ ಬೇಕಾಗುತ್ತದೆ. 100 ಹೆಂಗಸರಲ್ಲಿ ಸುಮಾರು 3 ಮಂದಿಗೆ.

ಮೇಲಿಂದ ಒತ್ತಡ ಬಿದ್ದರೆ ಸಡಿಲ ಜಾಗ ಬಾಯಿ ಬಿಡುತ್ತದೆ. ಭಾರ ಎತ್ತುವುದು, ತುಂಬ ದಿನದ ಕೆಮ್ಮು, ಮಲಬದ್ಧತೆಯಿಂದ ಮುಕ್ಕುವುದು, ಎಲ್ಲವೂ ಒತ್ತಡವೇ. ಮುದುಕರಿಗೆ ಮೂತ್ರ ಕಟ್ಟಿ ಮುಕ್ಕಬೇಕಾದರೆ ಅದೂ ಒತ್ತಡ. ಒಂದು ಕಾಲದಲ್ಲಿ ಈ ಬಸ್ರೂರಿನ ಬಂದರಿನಿಂದ ಅಕ್ಕಿ ಹಡಗು ಹತ್ತುತ್ತಿತ್ತು. ಮುಡಿ ಹೊತ್ತವರ ಹೊಟ್ಟೆಯ ಕತೆ ಯಾರೂ ಬರೆದಿಡಲಿಲ್ಲ. ಈಗಲೂ ಕೆಂಪು ಕಲ್ಲು ಹೊರುವವರು ಇದ್ದಾರೆ, ಗಂಗೊಳ್ಳಿಯಲ್ಲಿ ಬಲೆ ಎಳೆಯುವವರು ಇದ್ದಾರೆ. ಅದರ ಮೇಲೆ ಬೀಡಿ ಸೇದಿ ಕೆಮ್ಮುವವರಾದರೆ ಹೇಳುವುದೇ ಬೇಡ.

ನಮ್ಮಲ್ಲಿ ಇದನ್ನು ಅಂಡವಾಯು ಅನ್ನುತ್ತಾರೆ. ಹೆಸರಿನಲ್ಲಿ ವಾಯು ಇದೆ ಎಂದು ಕಡಲೆ, ಬಟಾಟೆ ಬಿಡುತ್ತಾರೆ. ಬಿಟ್ಟರೆ ಉಬ್ಬು ಹೋಗುವುದಿಲ್ಲ. ಅದು ಗಾಳಿ ಅಲ್ಲ. ಬೀಜದ ಚೀಲದಲ್ಲಿ ನೀರು ತುಂಬುವ ಕಾಯಿಲೆಗೂ ಇದೇ ಹೆಸರು. ಆನೆಕಾಲು ರೋಗ ಇದ್ದ ಕರಾವಳಿಯಲ್ಲಿ ಅದೂ ಉಂಟು. ಅದು ಬೇರೆ, ಇದು ಬೇರೆ. ಯಾವುದು ಎಂದು ಡಾಕ್ಟರು ಕೈಯಿಟ್ಟು ನೋಡಿಯೇ ಹೇಳಬೇಕು.

ಇನ್ನು ನಮ್ಮ ವಿಷಯ. ಹೆಂಗಸರಿಗೆ ಕಡಿಮೆ ಎಂದೆ. ಆದರೆ ಬಂದರೆ ಅಪಾಯ ಜಾಸ್ತಿ. ತೊಡೆಗೆ ರಕ್ತನಾಳ ಇಳಿಯುವ ಜಾಗದ ಪಕ್ಕದಲ್ಲಿ ಒಂದು ಸಣ್ಣ ಕಿಂಡಿ ಇದೆ. ಹೆಂಗಸರಿಗೆ, ಅದರಲ್ಲೂ ವಯಸ್ಸಾದವರಿಗೆ, ಕರುಳು ಅಲ್ಲಿಂದ ಇಳಿಯುವುದು ಉಂಟು. ಅಡಿಕೆಯಷ್ಟು ದೊಡ್ಡ ಗಂಟು, ಅಷ್ಟೆ. ಕಾಲಿಗೆ ಮುಳ್ಳು ಚುಚ್ಚಿದಾಗ ಏಳುವ ಗಡ್ಡೆ ಎಂದು ಸುಮ್ಮನಾಗುತ್ತೇವೆ. ಆ ಕಿಂಡಿಯ ಅಂಚು ಗಟ್ಟಿ. ಕರುಳು ಸಿಕ್ಕಿಕೊಂಡರೆ ಬಿಡುವುದಿಲ್ಲ. ಹಾಗಾಗಿ ಹೆಂಗಸರು ಕಾಯಬಾರದು.

ಸಿಕ್ಕಿಕೊಂಡರೆ ಎಂತ ಆಗುತ್ತದೆ? ಬೆರಳಿಗೆ ದಾರ ಬಿಗಿದರೆ ಬೆರಳು ಕಪ್ಪಾಗುತ್ತದಲ್ದಾ? ಕರುಳಿಗೂ ಹಾಗೆಯೇ. ರಕ್ತ ಹೋಗುವುದಿಲ್ಲ. ಕೆಲವೇ ಗಂಟೆಗಳಲ್ಲಿ ಆ ತುಂಡು ಸಾಯುತ್ತದೆ. ಒಳಗೇ ಕೊಳೆತು ಜೀವ ಹೋಗಬಹುದು. ಗುರುತು ಕಾಣಿ: ಒಳಗೆ ಹೋಗುತ್ತಿದ್ದ ಉಬ್ಬು ಈಗ ಹೋಗುವುದಿಲ್ಲ. ಗಟ್ಟಿಯಾಗುತ್ತದೆ, ಮುಟ್ಟಲು ಬಿಡದಷ್ಟು ನೋವು. ವಾಂತಿ ಬರುತ್ತದೆ. ಹೊಟ್ಟೆ ಉಬ್ಬರಿಸುತ್ತದೆ. ಮಲವೂ ಇಲ್ಲ, ಗಾಳಿಯೂ ಇಲ್ಲ. ಚರ್ಮ ಕೆಂಪಾಗಬಹುದು, ಕಪ್ಪಾಗಬಹುದು. ಆಗ ಎಣ್ಣೆ ಹಾಕಿ ತಿಕ್ಕಬೇಡಿ. ಬಲವಾಗಿ ಒತ್ತಿ ಒಳಗೆ ನೂಕಬೇಡಿ. ಹರಳೆಣ್ಣೆ ಕುಡಿಸಬೇಡಿ. ಊಟ, ನೀರು ಕೊಡಬೇಡಿ. ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ. ಬೆಳಕು ಹರಿಯಲಿ ಎಂದು ಕಾಯಬೇಡಿ.

ಹರ್ನಿಯಾಕ್ಕೆ ಮಾತ್ರೆ ಇಲ್ಲ. ಬೆಲ್ಟು ಕಟ್ಟಿದರೆ ಉಬ್ಬು ಮರೆಯಾಗುತ್ತದೆ, ಕಿಂಡಿ ಮುಚ್ಚುವುದಿಲ್ಲ. ಮುಚ್ಚಲು ಆಪರೇಷನ್ನೇ ಬೇಕು. ತೊಂದರೆ ಕೊಡದ ಸಣ್ಣ ಹರ್ನಿಯಾ ಇದ್ದ ಗಂಡಸರಿಗೆ ಡಾಕ್ಟರು ಸ್ವಲ್ಪ ಕಾಲ ನೋಡುವ ಎನ್ನಬಹುದು. ಕೂಸಿನ ತೊಡೆಸಂದಿನ ಹರ್ನಿಯಾ ತಡ ಮಾಡುವಂತಿಲ್ಲ. ಕೂಸಿನ ಹೊಕ್ಕುಳು ಉಬ್ಬುವುದು ಬೇರೆ. ಅದು ಹೆಚ್ಚಾಗಿ ತಾನೇ ಮುಚ್ಚುತ್ತದೆ. ಅದರ ಮೇಲೆ ನಾಣ್ಯ ಕಟ್ಟುವುದು ಬೇಡ.

ಆಪರೇಷನ್ನಿನಲ್ಲಿ ಹರಿದ ಸೀರೆಗೆ ತೇಪೆ ಹಾಕಿದ ಹಾಗೆ ಬಲೆಯ ತುಂಡು ಇಟ್ಟು ಹೊಲಿಯುತ್ತಾರೆ. ಆ ಬಲೆಗೆ ಬೆಲೆ ಜಾಸ್ತಿ. ಮಹಾರಾಷ್ಟ್ರದ ದೊಂಡಾಯಿಚಾ ಊರಿನ ಡಾಕ್ಟರ್ ತೊಂಗಾಂವಕರ್ ಒಂದು ಉಪಾಯ ಕಂಡರು. ಸೊಳ್ಳೆಪರದೆಯ ಬಟ್ಟೆಯನ್ನೇ ಶುದ್ಧ ಮಾಡಿ ಬಳಸಿದರು. 2003ರಲ್ಲಿ ಅವರು ಮತ್ತು ಅವರ ಜೊತೆಗಾರರು ಇದನ್ನು ಬರೆದು ಪ್ರಕಟಿಸಿದರು. ಆಫ್ರಿಕಾದ ಉಗಾಂಡದಲ್ಲಿ ಸುಮಾರು 300 ಗಂಡಸರ ಮೇಲೆ ಪರೀಕ್ಷೆ ನಡೆಯಿತು. ದುಬಾರಿ ಬಲೆಯೂ ಸೊಳ್ಳೆಪರದೆಯ ಬಲೆಯೂ ಹೆಚ್ಚುಕಡಿಮೆ ಒಂದೇ ಎಂದು 2016ರಲ್ಲಿ ಗೊತ್ತಾಯಿತು. ನಾವು ಮಲಗುವ ಪರದೆಗೆ ಇಷ್ಟು ಯೋಗ್ಯತೆ ಇದೆ ಎಂದು ಯಾರು ಎಣಿಸಿದ್ದರು!

ಖರ್ಚಿನ ಹೆದರಿಕೆ ಇರುವವರು ಕುಂದಾಪುರದ ಸರಕಾರಿ ಆಸ್ಪತ್ರೆಯಲ್ಲಿ ಮೊದಲು ಕೇಳಿ. ಬಿಪಿಎಲ್ ಕಾರ್ಡು, ಆಧಾರ್ ಕಾರ್ಡು ಒಯ್ಯಿರಿ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಇದೆ. ದಾರಿ ಗೊತ್ತಿಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಹೋಗಿ.

ಆಪರೇಷನ್ ಆದರೆ ಸಂಸಾರಕ್ಕೆ ಆಗುವುದಿಲ್ಲ ಎಂದು ಗಂಡಸರು ಹೆದರುತ್ತಾರೆ. ಸಾಮಾನ್ಯವಾಗಿ ಹಾಗೇನೂ ಆಗುವುದಿಲ್ಲ. ಹೆಚ್ಚಿನವರು ಒಂದೆರಡು ದಿನದಲ್ಲಿ ಮನೆಗೆ ಬರುತ್ತಾರೆ. ನಡೆಯಬಹುದು, ಸ್ನಾನದ ವಿಷಯ ಡಾಕ್ಟರು ಹೇಳುತ್ತಾರೆ. ಭಾರ ಎತ್ತುವುದು ಮಾತ್ರ ಸುಮಾರು ಒಂದೂವರೆ ತಿಂಗಳು ಬೇಡ. ನಿಮಗೇ ಆಪರೇಷನ್ ಆದರೆ ಬಾವಿಯ ನೀರು ಎಳೆಯುವುದೂ ಭಾರವೇ, ಹುಲ್ಲಿನ ಹೊರೆಯೂ ಭಾರವೇ. ಅಷ್ಟು ದಿನ ಕೊಡಪಾನ ಯಾರು ಹಿಡಿಯುತ್ತಾರೆ ಎಂದು ಆಸ್ಪತ್ರೆಗೆ ಹೋಗುವ ಮೊದಲೇ ಮನೆಯಲ್ಲಿ ಮಾತಾಡಿ ಇಡಿ.

ಈಗ ಕೇಳುವುದಿದ್ದರೆ ಕೇಳಿ. ಎಲ್ಲರ ಎದುರು ನಾಚಿಕೆಯಾದರೆ ನಾನು ಆಚೆ ಜಗಲಿಯಲ್ಲಿ ಕೂತಿರುತ್ತೇನೆ, ಒಬ್ಬೊಬ್ಬರಾಗಿ ಬನ್ನಿ.