ಉಸಿರು ಹಿಡಿದು ಹೇಳುವ ‘ಕ’



ಎಂಟನೇ ತರಗತಿಯಲ್ಲಿ ‘ಖಗ’ ಎನ್ನಲಾರದೆ ‘ಕಗ’ ಎಂದು ನಾನು ನಗೆಪಾಟಲಾದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಈಗ ನಮ್ಮ ಟೀಮಿನಲ್ಲಿ ಕಪ್ಪುಸಮುದ್ರದ ದಡದ ಜಾರ್ಜಿಯಾ ದೇಶದವರೊಬ್ಬರಿದ್ದಾರೆ. ಅವರ ಭಾಷೆಯಲ್ಲಿ ‘ಖರಿ’ ಎಂದರೆ ಗಾಳಿ. ಬಾಗಿಲಿಗೂ ಹೆಚ್ಚುಕಡಿಮೆ ಅದೇ ಪದ; ಮೊದಲಕ್ಷರ ಮಾತ್ರ ನಮ್ಮ ಕ ಅಲ್ಲ, ಖ ಅಲ್ಲ.

ಉಸಿರು ಬಿಗಿಹಿಡಿಯಿರಿ, ಗಂಟಲೊಳಗೆ ಧ್ವನಿತಂತುಗಳು ಮುಚ್ಚುತ್ತವೆ. ‘ಕ’ ಹೇಳುವಂತೆ ನಾಲಿಗೆಯ ಹಿಂಭಾಗವನ್ನು ಅಂಗುಳಕ್ಕೆ ಒತ್ತಿ. ನಡುವೆ ಸಿಕ್ಕಿಬಿದ್ದ ಗಾಳಿಯನ್ನು ಧ್ವನಿಪೆಟ್ಟಿಗೆ ಮೇಲೇರಿ ಅಮುಕುತ್ತದೆ. ನಾಲಿಗೆ ಬಿಟ್ಟರೆ ಟಪ್ಪೆಂದು ಸಿಡಿಯುತ್ತದೆ. ಶ್ವಾಸಕೋಶದ ಉಸಿರೇ ಬೇಡ! ಇಥಿಯೋಪಿಯಾದ ಅಮ್ಹಾರಿಕ್‌ನಲ್ಲೂ ಅಮೆರಿಕದ ನವಾಹೋದಲ್ಲೂ ಇಂಥ ವ್ಯಂಜನಗಳಿವೆ.

ನಾನು ‘ಬಾಗಿಲು’ ಎನ್ನಲು ಹೋದೆ. ಶಾಲೆಯಲ್ಲಿ ಬಾರದ ಮಹಾಪ್ರಾಣ ಅಂದೇ ಬರಬೇಕೆ? ‘ಗಾಳಿ’ ಎಂದುಬಿಟ್ಟೆ. ಅವರು ನಗಲಿಲ್ಲ. ತಮ್ಮ ಕೊರಳು ತೋರಿಸಿ, ನಿಧಾನವಾಗಿ ಇನ್ನೊಮ್ಮೆ ಹೇಳಿದರು.