“ಒಂದು ಸಣ್ಣ ಪಾರ್ಟ್ ಅಷ್ಟೇ, ಸೇರಿಸಿಬಿಡಿ”: 2009ರ ಡಬಲ್ ಡಿಫ್ಯೂಸರ್ ಕಥೆ

“ಸಣ್ಣ ಫೀಚರ್ ಅಷ್ಟೇ, ಈ ರಿಲೀಸ್‌ನಲ್ಲೇ ಸೇರಿಸಿಬಿಡಿ” ಅನ್ನೋ ಮಾತನ್ನ ಇಲ್ಲಿರೋ ಎಲ್ಲರೂ ಕೇಳಿರ್ತೀರಿ. ಕೈ ಹಾಕಿದ ಮೇಲೆ ತಾನೇ ಗೊತ್ತಾಗೋದು, ಅದಕ್ಕೆ ಅರ್ಧ ಸಿಸ್ಟಮ್ ಬಿಚ್ಚಬೇಕು ಅಂತ! 2009ರಲ್ಲಿ ಫಾರ್ಮುಲಾ 1 ತಂಡಗಳಿಗೆ ಆಗಿದ್ದೂ ಇದೇ.

ಮೊದಲು ಡಿಫ್ಯೂಸರ್ ಅಂದ್ರೇನು? ಕಾರಿನ ತಳ ಹಿಂಬದಿಯಲ್ಲಿ ಮೇಲಕ್ಕೆ ಏರುತ್ತಲ್ಲ, ಆ ಭಾಗ. ಅಲ್ಲಿ ಜಾಗ ಹಿಗ್ಗುತ್ತಾ ಹೋಗೋದರಿಂದ ಕಾರಿನಡಿಯ ಗಾಳಿ ಜೋರಾಗಿ ಹರಿಯುತ್ತೆ, ಒತ್ತಡ ಇಳಿಯುತ್ತೆ, ಕಾರು ನೆಲ ಕಚ್ಚಿ ಹಿಡಿಯುತ್ತೆ. 2009ರ ಹೊಸ ನಿಯಮ ಈ ಹಿಡಿತವನ್ನ ತಗ್ಗಿಸೋಕೆ ಡಿಫ್ಯೂಸರ್ ಎತ್ತರವನ್ನ 175 ಮಿಲಿಮೀಟರಿಗೆ ಕಟ್ಟಿಹಾಕಿತು.

ಆದರೆ ಬ್ರಾನ್, ಟೊಯೋಟಾ, ವಿಲಿಯಮ್ಸ್ ತಂಡಗಳು ನಿಯಮವನ್ನ ಬೇರೆ ಥರ ಓದಿದವು. ಕೆಳಗಿನಿಂದ ನೋಡಿದರೆ ತಳದಲ್ಲಿ ತೂತು ಕಾಣಬಾರದು, ಸರಿ. ತಳ ಇರೋದು 50 ಮಿಲಿಮೀಟರ್ ಅಂತರದ ಎರಡು ಮಟ್ಟಗಳಲ್ಲಿ. ಅವುಗಳ ನಡುವಿನ ನೆಟ್ಟಗಿನ ಗೋಡೆಯಲ್ಲಿ ಕಿಂಡಿ ಬಿಟ್ಟರೆ ಕೆಳಗಿನಿಂದ ಕಾಣೋದೇ ಇಲ್ಲ! ಆ ಕಿಂಡಿಯಿಂದ ಗಾಳಿಯನ್ನ ಮೇಲೆ ಕಳಿಸಿ, ಅಲ್ಲೊಂದು ಎರಡನೇ ಅಂತಸ್ತು ಕಟ್ಟಿದರು. ಎದುರಾಳಿಗಳು ದೂರು ಕೊಟ್ಟರು. ಏಪ್ರಿಲ್ 15ರಂದು ಪ್ಯಾರಿಸ್‌ನಲ್ಲಿ ಎಫ್‌ಐಎ ಮೇಲ್ಮನವಿ ನ್ಯಾಯಾಲಯ ಹೇಳಿತು: ಇದು ನಿಯಮಬದ್ಧ.

ಹಾಗಾದರೆ ಉಳಿದವರು ಕಾಪಿ ಮಾಡಿದರೆ ಆಯ್ತಲ್ಲ? ಇಲ್ಲೇ ಇರೋದು ಕಷ್ಟ. ಡಿಫ್ಯೂಸರ್ ಬರೀ ಪಾರ್ಟ್ ಅಲ್ಲ, ಅದೊಂದು ಖಾಲಿ ಜಾಗ. ಮೇಲಿನ ಅಂತಸ್ತಿಗೆ ಬೇಕಾದ ಜಾಗದಲ್ಲಿ ಗೇರ್‌ಬಾಕ್ಸ್, ಸಸ್ಪೆನ್ಷನ್ ಆಗಲೇ ಕೂತಿರ್ತವೆ. ಅವನ್ನ ಸರಿಸಿದರೆ ಕಾರಿನ ಹಿಂಭಾಗವೇ ಬದಲಾಗುತ್ತೆ. ಅದೂ ಸೀಸನ್ ನಡುವಿನ ಟೆಸ್ಟಿಂಗ್ ನಿಷೇಧವಾಗಿದ್ದ ವರ್ಷ!

ಎಲ್ಲಕ್ಕಿಂತ ಇಕ್ಕಟ್ಟಿಗೆ ಸಿಕ್ಕಿದ್ದು ರೆಡ್ ಬುಲ್. ಅವರ ಡಿಸೈನರ್ ಏಡ್ರಿಯನ್ ನ್ಯೂಯಿ ಹಿಂದಿನ ಚಕ್ರಗಳಿಗೆ ಪುಲ್‌ರಾಡ್ ಸಸ್ಪೆನ್ಷನ್ ಹಾಕಿದ್ದರು. ಅದರಲ್ಲಿ ಸ್ಪ್ರಿಂಗ್, ಡ್ಯಾಂಪರ್ ಎಲ್ಲ ಕೆಳಗೆ ಕೂರ್ತವೆ. ಮೇಲೆ ಬಾಡಿ ತೆಳ್ಳಗಾಗಿ ಹಿಂದಿನ ರೆಕ್ಕೆಗೆ ಗಾಳಿ ಸಲೀಸಾಗಿ ಹೋಗುತ್ತೆ. ಒಳ್ಳೇ ಡಿಸೈನೇ. ಹಳೇ ಡಿಫ್ಯೂಸರಿನಲ್ಲೇ ಚೀನಾದಲ್ಲಿ ಮೊದಲೆರಡು ಸ್ಥಾನ ಗೆದ್ದಿದ್ದರು. ಆದರೆ ಎರಡನೇ ಅಂತಸ್ತು ಬರಬೇಕಾದ ಕಡೆ ಅದೇ ಸಾಮಾನು ಅಡ್ಡ ಕೂತಿತ್ತು. ಪುಲ್‌ರಾಡ್ ಬಿಡದೆ, ಅದರ ಸುತ್ತಲೇ ಹೊಸ ಡಿಫ್ಯೂಸರ್ ಹೊಂದಿಸಿ ಮೊನಾಕೊಗೆ ತಂದರು. ಆದರೆ ಆ ಹೊತ್ತಿಗೆ ಸಮಯ ಮೀರಿತ್ತು. ಮೊದಲ ಏಳು ರೇಸುಗಳಲ್ಲಿ ಆರನ್ನ ಬ್ರಾನ್‌ನ ಜೆನ್ಸನ್ ಬಟನ್ ಗೆದ್ದರು. ವರ್ಷದ ಕೊನೆಗೆ ಬಟನ್ 95, ರೆಡ್ ಬುಲ್‌ನ ವೆಟೆಲ್ 84.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2010ರ ಕಾರನ್ನ ಮೊದಲಿಂದಲೇ ಡಬಲ್ ಡಿಫ್ಯೂಸರ್ ಲೆಕ್ಕಕ್ಕೆ ತಗೊಂಡು ಮಾಡಿದರು, ಎರಡೂ ಚಾಂಪಿಯನ್‌ಷಿಪ್ ಬಂತು. 2011ಕ್ಕೆ ಡಬಲ್ ಡಿಫ್ಯೂಸರ್‌ಗೇ ನಿಷೇಧ ಬಿತ್ತು. ಆಮೇಲೆ ಹೆಚ್ಚಿನ ತಂಡಗಳು ಕಾಪಿ ಮಾಡಿದ್ದು ಯಾವುದನ್ನ? ಅದೇ ಪುಲ್‌ರಾಡನ್ನ!

ಗಡಿಬಿಡಿಯಲ್ಲಿ ಹೊಸದಕ್ಕೆ ಜಾಗ ಮಾಡೋಕೆ ಅಂತ ಒಳ್ಳೇ ಅಡಿಪಾಯವನ್ನ ಕಿತ್ತೆಸೆದಿದ್ದರೆ, ಅವರ ಕೈಲಿ ಏನು ಉಳೀತಿತ್ತು? ಮುಂದಿನ ಸಲ “ಸಣ್ಣ ಫೀಚರ್” ಅಂತ ಯಾರಾದರೂ ಬಂದರೆ, ಎಷ್ಟು ದಿನ ಬೇಕು ಅನ್ನೋದಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿ: ಅದು ಕೂರಬೇಕಾದ ಜಾಗದಲ್ಲಿ ಈಗ ಏನು ಕೂತಿದೆ?