ರಸೀದಿ ನಿಮ್ಮ ಕೈಯಲ್ಲಿ, ಸರಕು ಯಾರದು?



ಬ್ಯಾಡಗಿಯ ವರ್ತಕರೊಬ್ಬರು ನೂರು ಮೂಟೆ ಮೆಣಸಿನಕಾಯಿಯನ್ನು ದೂರದೂರಿಗೆ ರೈಲಿನಲ್ಲಿ ಕಳುಹಿಸಿದರೆಂದು ಇಟ್ಟುಕೊಳ್ಳಿ. ಸರಕು ದಾರಿಯಲ್ಲಿದೆ. ಅವರ ಬಳಿ ಇರುವುದು ರೈಲ್ವೆ ರಸೀದಿ ಮಾತ್ರ. ಕೈ ಕಟ್ಟಿದ್ದರಿಂದ ಅವರು ರಸೀದಿಯ ಹಿಂದೆ ನಿಮ್ಮ ಹೆಸರಿಗೆ ಬರೆದು, ರುಜು ಹಾಕಿ, ನಿಮ್ಮಿಂದ ಹಣ ಪಡೆದರು. ಈಗ ಮೆಣಸಿನಕಾಯಿ ಯಾರದು?

ಕಾನೂನಿನ ಉತ್ತರ ಸ್ಪಷ್ಟವಾಗಿದೆ. 1930ರ ಸರಕು ಮಾರಾಟ ಅಧಿನಿಯಮವು ಹಡಗಿನ ರವಾನೆ ಪತ್ರ, ಉಗ್ರಾಣ ರಸೀದಿ, ರೈಲ್ವೆ ರಸೀದಿ ಮುಂತಾದವನ್ನು ಸರಕಿನ ಹಕ್ಕುಪತ್ರಗಳೆಂದು ಕರೆಯುತ್ತದೆ. 1989ರ ರೈಲ್ವೆ ಅಧಿನಿಯಮದ 74ನೇ ಕಲಮಿನಂತೆ, ಹಿಂಬರಹದೊಡನೆ ರಸೀದಿ ನಿಮ್ಮ ಕೈ ಸೇರಿದರೆ ಸರಕಿನ ಸ್ವಾಮ್ಯವೂ ನಿಮಗೆ ಬರುತ್ತದೆ. ಕಳುಹಿಸಿದವರ ಹಕ್ಕುಗಳ ಜೊತೆಗೆ ಹೊಣೆಗಳೂ ಬರುತ್ತವೆ, ಅದನ್ನು ಮರೆಯಬೇಡಿ.

ಹಿಂದೆ ಇದು ಇಷ್ಟು ಸಲೀಸಾಗಿರಲಿಲ್ಲ. ಠಾಣೆಯಿಂದ ದೆಹಲಿ ಬಳಿಯ ಓಖ್ಲಾಕ್ಕೆ ಹೊರಟ ಸರಕಿನ ರಸೀದಿಗಳನ್ನು ಒತ್ತೆ ಇಟ್ಟುಕೊಂಡು ಮೋರ್ವಿ ಮರ್ಕೆಂಟೈಲ್ ಬ್ಯಾಂಕು 20,000 ರೂಪಾಯಿ ಕೊಟ್ಟಿತ್ತು. ರೈಲ್ವೆಯವರು ಕೊಡಬಂದ ಪೆಟ್ಟಿಗೆಗಳನ್ನು, ಕಳುಹಿಸಿದ ಸರಕು ಇದಲ್ಲವೆಂದು ಬ್ಯಾಂಕು ನಿರಾಕರಿಸಿ, 35,500 ರೂಪಾಯಿಗೆ ದಾವೆ ಹೂಡಿತು. ಬರೀ ಕಾಗದ ಹಿಡಿದವರಿಗೆ ದಾವೆಯ ಹಕ್ಕು ಉಂಟೆ? ಬಹುಮತದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು 1965ರಲ್ಲಿ ಉಂಟೆಂದಿತು. ರಸೀದಿಯ ಒತ್ತೆ ಸರಕಿನ ಒತ್ತೆಯೇ. ಕೊಟ್ಟ ಸಾಲದ ಮಟ್ಟಿಗಲ್ಲ, ಸರಕಿನ ಪೂರ್ತಿ ಬೆಲೆಗೇ ಬ್ಯಾಂಕು ದಾವೆ ಹೂಡಬಹುದು ಎಂದಿತು.

ಹಾಗೆಂದು ರಸೀದಿಯನ್ನು ಚೆಕ್ಕಿನಂತೆ ಭಾವಿಸಬೇಡಿ. ಕದ್ದ ಚೆಕ್ಕನ್ನೂ ಕೆಲವು ಸಂದರ್ಭಗಳಲ್ಲಿ ಸದ್ಭಾವನೆಯಿಂದ ಪಡೆದವನಿಗೆ ರಕ್ಷಣೆಯಿದೆ. ಕದ್ದ ಮೆಣಸಿನಕಾಯಿಯ ರಸೀದಿಗೆ ಸಾಮಾನ್ಯವಾಗಿ ಆ ಭಾಗ್ಯವಿಲ್ಲ. ಕೊಟ್ಟವನಿಗಿಲ್ಲದ ಸ್ವಾಮ್ಯ ನಿಮಗೆ ಬಾರದು. ಒಂದು ಅನುಕೂಲವನ್ನು ಮಾತ್ರ ಕಾನೂನು ಕೊಟ್ಟಿದೆ. ಮೂಲ ಮಾರಾಟಗಾರನಿಗೆ ಹಣ ಬಾಕಿಯಿದ್ದರೂ, ಅವನಿಂದ ರಸೀದಿ ಪಡೆದ ಖರೀದಿದಾರನಿಂದ ನೀವು ಅದನ್ನು ಸದ್ಭಾವನೆಯಿಂದ, ಪ್ರತಿಫಲ ಕೊಟ್ಟು ಕೊಂಡಿದ್ದರೆ, ಆ ಮಾರಾಟಗಾರ ಸರಕನ್ನು ದಾರಿಯಲ್ಲಿ ತಡೆಯಲಾರ.

ಇನ್ನು ರೈತರಿಗೆ ಹತ್ತಿರದ ಉಗ್ರಾಣ ರಸೀದಿ. 2010ರಲ್ಲಿ ಜಾರಿಗೆ ಬಂದ ಉಗ್ರಾಣ ಅಧಿನಿಯಮದಂತೆ ನೋಂದಣಿಯಾದ ಉಗ್ರಾಣಗಳು ಮಾತ್ರ ವರ್ಗಾಯಿಸಬಹುದಾದ ರಸೀದಿ ಕೊಡಬಹುದು. 2019ರ ಆಗಸ್ಟ್ 1ರಿಂದ ಅದು ವಿದ್ಯುನ್ಮಾನ ರೂಪದಲ್ಲೇ ಇರಬೇಕು. ರಾಗಿಯನ್ನೋ ತೊಗರಿಯನ್ನೋ ಇಟ್ಟು ಬ್ಯಾಂಕಿನಲ್ಲಿ ಸಾಲ ಕೇಳುವ ಮುನ್ನ ಉಗ್ರಾಣದ ನೋಂದಣಿ ಸಂಖ್ಯೆ ನೋಡಿ. ಗೋದಾಮಿನವರು ಕೊಟ್ಟ ಚೀಟಿಯನ್ನೇ ಹಕ್ಕುಪತ್ರವೆಂದು ನಂಬಿ ಬ್ಯಾಂಕಿಗೆ ಹೋದರೆ ಬರಿಗೈಯಲ್ಲಿ ಮರಳಬೇಕಾದೀತು.

ರೈಲ್ವೆ ರಸೀದಿ ಕಳೆದುಹೋದರೆ? ಗಾಬರಿ ಬೇಡ. ನಷ್ಟಭರ್ತಿಯ ಮುಚ್ಚಳಿಕೆ ಬರೆದುಕೊಟ್ಟು ಸರಕು ಬಿಡಿಸಿಕೊಳ್ಳುವ ದಾರಿಯಿದೆ. ಕಳೆದ ಸಂಗತಿಯನ್ನು ನಿಲ್ದಾಣಕ್ಕೆ ಆ ದಿನವೇ ಲಿಖಿತವಾಗಿ ತಿಳಿಸಿ, ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.